ಬೆಂಕಿ ಬಿಟ್ಟುಹೋದ ಹಸಿರು ಕಲೆ

ರೋಮ್ ನಗರದ ಹಳೆಯ ಫೋರಂನಲ್ಲಿ ಬೆಸಿಲಿಕಾ ಎಮಿಲಿಯಾ ಎಂಬ ಕಟ್ಟಡದ ಅವಶೇಷವಿದೆ. ಅದರ ಅಮೃತಶಿಲೆಯ ನೆಲದ ಮೇಲೆ ಅಲ್ಲಲ್ಲಿ ಹಸಿರು ಕಲೆಗಳು. ಬೆಂಕಿಯಲ್ಲಿ ಕರಗಿ ಕಲ್ಲಿಗೆ ಅಂಟಿಕೊಂಡ ತಾಮ್ರ ಬೆರೆತ ನಾಣ್ಯಗಳ ಗುರುತು ಅವು. ಕ್ರಿ.ಶ. 410ರಲ್ಲಿ ಅಲಾರಿಕ್‌ನ ಗಾಥ್ ಸೈನ್ಯ ರೋಮನ್ನು ಲೂಟಿ ಮಾಡಿದಾಗ ಹತ್ತಿದ ಬೆಂಕಿಯದೆಂದು ಇತಿಹಾಸಕಾರರು ಹೇಳುತ್ತಾರೆ.

ಶುದ್ಧ ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ತವರ, ಸೀಸ ಬೆರೆತಿದ್ದರೆ ಇನ್ನೂ ಕಡಿಮೆ ಸಾಕು. ಕರಗಿಹೋದ ಅಚ್ಚು ಮತ್ತೆ ಮೂಡುವುದಿಲ್ಲ.

ನಿಮ್ಮ ಮನೆಯ ಹಳೆಯ ನಾಣ್ಯವೊಂದು ಬೆಂಕಿಗೆ ಸಿಕ್ಕಿ ಕಪ್ಪಾಗಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮಸಿಯ ಜೊತೆ ಉಳಿದ ಅಕ್ಷರವೂ ಸವೆದೀತು. ಬಲ್ಲವರಿಗೆ ತೋರಿಸಿ. ರೋಮಿನ ಆ ಕಲೆಗಳನ್ನು ಯಾರಾದರೂ ಉಜ್ಜಿ ತೆಗೆದಿದ್ದರೆ, ಬೆಂಕಿಯ ಆ ಸಾಕ್ಷಿಯೂ ಅಳಿಸಿಹೋಗುತ್ತಿತ್ತು.