ಸೀಮಿಬದನಿಕಾಯಿ ಮತ್ತ ಲಾಲ್‌ಬಾಗು

ನಮ್ಮ ಮಾವನವರಿಗೆ ಸೀಮಿಬದನಿಕಾಯಿ ಪಲ್ಯ ಅಂದ್ರ ಬಾಳ ಪ್ರೀತಿ ಇತ್ತು. ಆದ್ರ ಅವ್ರ ಶ್ರಾದ್ಧದ ದಿನ ಮಾತ್ರ ಅದನ್ನ ಮಾಡೂ ಹಂಗಿಲ್ಲ. "ಅದು ಇಂಗ್ರೇಜಿ ಕಾಯಿಪಲ್ಯ, ಶ್ರಾದ್ಧಕ್ಕ ನಡಿಯೂದಿಲ್ಲ" ಅಂತಾರ ನಮ್ಮತ್ತಿ.

ಹೋದ ತಿಂಗಳ ಅತ್ತಿ ಧಾರವಾಡದಿಂದ ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿಗೆ ಕರಕೊಂಡು ಹೋಗಿದ್ದೆ. ಹೂವು ನೋಡ್ಲಿಕ್ಕೆ ಹೋದವರು ನಾವು, ಮಾತೆಲ್ಲಾ ಅಡಗಿಮನಿದ ಆತು.

ಈ ತೋಟ ಶುರು ಮಾಡಿದಾಂವ ಹೈದರ್ ಅಲಿ, 1760ರಾಗ. ಮಗ ಟಿಪ್ಪು ಬ್ಯಾರೆ ಬ್ಯಾರೆ ದೇಶದಿಂದ ಬೀಜ, ಸಸಿ ತರಿಸಿ ಬೆಳಸಿದ. 1856ರಾಗ ಇದು ಸರ್ಕಾರಿ ಸಸ್ಯೋದ್ಯಾನ ಆತು. ಮುಂದ 1874ರಿಂದ 1908ರ ತನಕ ಜಾನ್ ಕ್ಯಾಮರಾನ್ ಇದನ್ನ ನೋಡಿಕೊಂಡ. ಗಾಜಿನ ಮನಿಗೆ 1889ರಾಗ ಅಡಿಗಲ್ಲು ಬಿದ್ದದ್ದೂ ಅವನ ಕಾಲದಾಗ. ಪರದೇಶದ ಗಿಡ ಇಲ್ಲಿ ಮೊದಲ ಬೆಳದು ನೋಡೂದು, ಈ ಹವಾಕ್ಕ ಒಗ್ಗಿದ್ರ ಹೊರಗ ಹಂಚೂದು, ಇದೂ ತೋಟದ ಕೆಲಸ ಆಗಿತ್ತು. ಮೆಕ್ಸಿಕೊ ಕಡೆಯ ಸೀಮಿಬದನಿ ಬೆಂಗಳೂರಿಗೆ ಬಂದದ್ದು ಇವನಿಂದ ಅಂತಾರ. ಅದು ಇಲ್ಲೆ ಎಷ್ಟು ಒಗ್ಗಿತು ಅಂದ್ರ, ನಮ್ಮ ಪಕ್ಕದ ಮನಿ ತಮಿಳು ಮಾಮಿ ಅದನ್ನ 'ಬೆಂಗಳೂರು ಕತ್ತರಿಕ್ಕಾಯ್' ಅಂತನ ಕರೀತಾರ! ನಮಗ ಪರದೇಶದ್ದು, ಅವ್ರಿಗೆ ಬೆಂಗಳೂರಿಂದು.

ನಾನೂ ಬಿಡಲಿಲ್ಲ. "ಅತ್ತಿ, ಹಂಗ ನೋಡಿದ್ರ ಮೆಣಸಿನಕಾಯಿ, ಆಲೂಗಡ್ಡಿ, ನಮ್ಮ ಹೋಳಿಗಿ ಶೇಂಗಾ, ಎಲ್ಲಾ ಅಮೇರಿಕಾ ಖಂಡದಿಂದನ ಬಂದಾವ" ಅಂದೆ.

ಅತ್ತಿ ಕಲ್ಲುಬೆಂಚಿನ ಮ್ಯಾಲೆ ಕೂತು ಅಂದ್ರು, "ಅದಕ್ಕ ನೋಡು, ಶ್ರಾದ್ಧದ ಅಡಗಿಗೆ ಮೆಣಸಿನಕಾಳು ಹಾಕ್ತೀವಿ, ಮೆಣಸಿನಕಾಯಿ ಹಾಕೂದಿಲ್ಲ."

ನನಗ ಆಗ ಹೊಳೀತು. ಇಷ್ಟು ವರ್ಷ ನಾ ಬರೇ ಮಡಿ ಅಂತ ತಿಳಿದಿದ್ದೆ. ಪರದೇಶದ ಕಾಯಿ ಬರೂಕಿಂತ ಮೊದಲ ನಮ್ಮ ಅಡಗಿ ಹೆಂಗಿತ್ತು ಅನ್ನೂದನ್ನ ಆ ಶ್ರಾದ್ಧದ ಎಲಿನ ನೆನಪಿಟ್ಟದ. ಆಮ್ಯಾಲೆ ಏನೇನು ಬಂತು ಅನ್ನೂದನ್ನ ಲಾಲ್‌ಬಾಗು ಹೇಳ್ತದ.

ಮೊನ್ನೆ ಶ್ರಾದ್ಧ ಆತು. ಮರುದಿನ ನಸುಕಿನ್ಯಾಗ ಎದ್ದು ನೋಡ್ತೀನಿ, ಅತ್ತಿ ಸೀಮಿಬದನಿಕಾಯಿ ಹೆಚ್ಚಲಿಕ್ಕೆ ಕೂತಾರ.

"ನಿನ್ನೆ ಶಾಸ್ತ್ರದ ಅಡಗಿ ಆತು. ಇವತ್ತ ಅವ್ರಿಗೆ ಸೇರೂದು ಮಾಡೂಣು" ಅಂದ್ರು.