ಚಂದ್ರಗಿರಿಯ ಇಕ್ಕೆಲದ ಕಡಲತೀರ

ಕಾಸರಗೋಡಿನ ಕಡಲತೀರವನ್ನು ನೋಡಲು ಬರುವ ಪ್ರವಾಸಿಗರು ಬಹುಮಟ್ಟಿಗೆ ಬೇಕಲದ ಕೋಟೆಯನ್ನೇರಿ, ಬುರುಜಿನ ಮೇಲಿಂದ ಸೂರ್ಯಾಸ್ತವನ್ನು ಕಂಡು, ಸಂತುಷ್ಟರಾಗಿ ಹಿಂದಿರುಗುತ್ತಾರೆ. ಆ ನೋಟ ರಮಣೀಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೋಟೆಯ ಆಚೀಚೆಯ ಮರಳಿನಲ್ಲಿ ಬಲೆಯನ್ನು ಒಣಗಹಾಕುವವರ ಕಸುಬು ಆ ಕೋಟೆಗಿಂತಲೂ ಹಳೆಯದು. ಈ ಕರಾವಳಿಯ ಚರಿತ್ರೆಯನ್ನು ಅರಿಯಬಯಸುವವರು ಕೋಟೆಯ ಕಲ್ಲನ್ನು ನೋಡಿದಷ್ಟೇ ಆಸ್ಥೆಯಿಂದ ಆ ಬಲೆಯನ್ನೂ ನೋಡತಕ್ಕದ್ದು.

ಉತ್ತರದ ಮಂಜೇಶ್ವರದಿಂದ ದಕ್ಷಿಣಕ್ಕೆ ಸಾಗಿದರೆ ಹೆಜ್ಜೆಹೆಜ್ಜೆಗೂ ಹೊಳೆ, ಅಳಿವೆ, ತೆಂಗಿನ ತೋಪು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮಾರ್ಗವಾಗಿ ಇಳಿದುಬರುವ ಪಯಸ್ವಿನಿಯು ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಅಳಿವೆಯಿದ್ದಲ್ಲಿ ದೋಣಿಗೆ ಆಸರೆ, ಆಸರೆಯಿದ್ದಲ್ಲಿ ವ್ಯಾಪಾರ. 16ನೆಯ ಶತಮಾನದ ಆದಿಭಾಗದಲ್ಲಿ ಪೋರ್ಚುಗೀಸ್ ಲೇಖಕ ಬಾರ್ಬೋಸನು ಕುಂಬಳೆಯಿಂದ ಅಕ್ಕಿಯು ಮಾಲ್ದೀವ ದ್ವೀಪಗಳಿಗೆ ಹೋಗುತ್ತಿದ್ದುದನ್ನೂ, ಅದಕ್ಕೆ ಪ್ರತಿಯಾಗಿ ಅಲ್ಲಿಯ ತೆಂಗಿನ ನಾರು ಬರುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಯಕ್ಷಗಾನದ ಕವಿ ಪಾರ್ತಿಸುಬ್ಬನನ್ನು ನಾಡಿಗಿತ್ತ ಕುಂಬಳೆಯೂ ಇದೇ.

17ನೆಯ ಶತಮಾನದ ನಡುವಿನಲ್ಲಿ ಇಕ್ಕೇರಿಯ ಶಿವಪ್ಪ ನಾಯಕನ ಆಳ್ವಿಕೆ ಈ ತೀರಕ್ಕೆ ಚಾಚಿತು. ಚಂದ್ರಗಿರಿ, ಬೇಕಲಗಳ ಕೋಟೆಗಳನ್ನು ಕಟ್ಟಿಸಿದವನು ಅವನೆಂದೇ ಪ್ರಸಿದ್ಧಿ. ಮುರಕಲ್ಲಿನ ಬೇಕಲ ಕೋಟೆಯು ಸುಮಾರು 40 ಎಕರೆಗಳಷ್ಟು ವಿಸ್ತಾರವಾಗಿದೆ. ಒಳಗೆ ಇಂದು ನಿಂತ ಅರಮನೆಯಿಲ್ಲ. ಇರುವುದು ಮೆಟ್ಟಿಲಿಳಿದು ಹೋಗುವ ಕೊಳ, ಮದ್ದಿನ ಮನೆ, ಎತ್ತರದ ಕಾವಲು ಬುರುಜು. ಅರಸನು ಇಲ್ಲಿ ಮುಖ್ಯವಾಗಿ ಕಡಲನ್ನು ಕಾಯಲು ಬಯಸಿದವನು. ಕೋಟೆಯು 1763ರಲ್ಲಿ ಹೈದರಾಲಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನಾನಂತರ ಇಂಗ್ಲಿಷರದಾಯಿತು. ಒಡೆಯರು ಬದಲಾದರು, ಬುಡದಲ್ಲಿ ಬಲೆ ಬೀಸುವ ಕೈಗಳು ಬದಲಾಗಲಿಲ್ಲ.

ತುಳುನಾಡಿಗೂ ಮಲೆಯಾಳಕ್ಕೂ ಚಂದ್ರಗಿರಿಯೇ ಎಲ್ಲೆಯೆಂಬುದು ಹಿಂದಿನಿಂದ ಬಂದ ಮಾತು. ಹೊಳೆಯ ಉತ್ತರದಲ್ಲಿ ತುಳುವಾಡುವ ಮೊಗವೀರರು, ದಕ್ಷಿಣದಲ್ಲಿ ಮಲೆಯಾಳವಾಡುವ ಮುಕ್ಕುವರು, ಎರಡೂ ಕಡೆ ಕಡಲನ್ನೇ ನಂಬಿದ ಮುಸಲ್ಮಾನರು. ಒಂದೇ ಮೀನು ಉತ್ತರದಲ್ಲಿ ಬಂಗುಡೆ, ದಕ್ಷಿಣದಲ್ಲಿ ಅಯಿಲ. ಇಲ್ಲಿ ಬೂತಾಯಿ, ಅಲ್ಲಿ ಮತ್ತಿ. ಮೀನಿನ ಹಿಂಡಿಗೆ ಈ ಎಲ್ಲೆಯ ಅರಿವಿಲ್ಲ. ನೈಋತ್ಯ ಮಾರುತದ ದಿನಗಳಲ್ಲಿ ಆಳದ ತಣ್ಣೀರು ಮೇಲೇರಿ, ಅದರೊಡನೆ ಬಂದ ಸಾರದಿಂದ ಸೂಕ್ಷ್ಮಜೀವಿಗಳು ಬೆಳೆದು, ಅದನ್ನುಣ್ಣಲು ಬೂತಾಯಿಯ ಹಿಂಡು ದಡದತ್ತ ಬರುತ್ತದೆ. ಕೇರಳದಲ್ಲಿ ಜೂನ್ 9ರಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲರುಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದಲ್ಲಿ ಕಡಲಿಗೆ ವಿಶ್ರಾಂತಿಯೀಯುವ ಹಿರಿಯರ ರೂಢಿಯೇ ಇಂದು ಶಾಸನದ ರೂಪ ತಾಳಿದೆಯೆನ್ನಬಹುದು.

ದಕ್ಷಿಣ ಕನ್ನಡದ ತೀರದಲ್ಲಿ ಮೆರೆದ ರಂಪಣಿಯ ಬಲೆಯನ್ನು ಇಲ್ಲಿ ಸ್ಮರಿಸಬೇಕು. ಹತ್ತಾರು ಮಂದಿ ಎರಡು ತುದಿಗಳನ್ನು ಹಿಡಿದು ದಡಕ್ಕೆಳೆದು, ಬಂದುದನ್ನು ಪಾಲು ಮಾಡಿಕೊಳ್ಳುತ್ತಿದ್ದ ಬಲೆಯದು. 1970ರ ದಶಕದ ನಡುವೆ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ಅದು ಹಿಂದೆ ಸರಿಯಿತು. ಬಲೆಯೊಡನೆ ಅದರ ಅಂಗಾಂಗಗಳ ಹೆಸರು, ಎಳೆಯುವಾಗಿನ ಕೂಗು, ಗಾಳಿಯ ಗುರುತು, ನೀರಿನ ಬಣ್ಣದಿಂದ ಹಿಂಡನ್ನರಿಯುವ ಜಾಣ್ಮೆ ಇವೂ ಮರೆಯಾಗುತ್ತಿವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವು ಕನ್ನಡನಾಡಿಗೆ ಸಲ್ಲತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಆ ನೋವು ನಮ್ಮದು, ಅದನ್ನು ಮರೆಯೆನ್ನಲಾರೆವು. ಆದರೆ ಗಡಿಯ ತೀರ್ಮಾನಕ್ಕೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಮಂಜೇಶ್ವರದ ತಮ್ಮ ಮನೆಯಲ್ಲಿದ್ದುಕೊಂಡೇ ಗೋವಿಂದ ಪೈಗಳು ನಾಡಿನ ಪ್ರಾಚೀನ ಚರಿತ್ರೆಯನ್ನು ಶೋಧಿಸಿದರು. ಅವರು ಶಾಸನಗಳಿಗೆ ತೋರಿದ ಶ್ರದ್ಧೆಯಲ್ಲಿ ಒಂದಂಶವನ್ನಾದರೂ ನಾವು ದಡದ ಮುದುಕರ ಮಾತಿಗೆ ತೋರೋಣ. ಕಲ್ಲು ಇನ್ನೂ ನೂರಾರು ವರ್ಷ ನಿಂತೀತು; ಆ ಮಾತು ಅಷ್ಟು ಕಾಲ ಕಾಯಲಾರದು.