ಹನ್ನೊಂದು ಪೌಂಡಿನ ಮಷೀನು

2017ರಲ್ಲಿ ಆನ್‌ಸೈಟ್ ಅಂತ ನನ್ನನ್ನು ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಕಳಿಸಿದ್ದರು. ಉಳಿದುಕೊಂಡಿದ್ದ ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ಪ್ರತಿ ಗುರುವಾರ ಸಂಜೆ ಆಕೆ ಒಂದು ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಹೊರಗೆ ಹೋಗುವರು. ಪಿಟೀಲೋ, ಸ್ಯಾಕ್ಸೋಫೋನೋ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಾಗ, ಸಭ್ಯತೆಗೆ, ‘ಕೊಡಿ, ನಾನು ಹಿಡ್ಕೋತೀನಿ’ ಅಂದೆ. ಆಕೆ ನಕ್ಕು, ಪೆಟ್ಟಿಗೆ ತೆರೆದು ತೋರಿಸಿದರು. ಒಳಗೆ ಹೊಲಿಗೆ ಮಷೀನು!

ನನಗೆ ಗೊತ್ತಿದ್ದ ಹೊಲಿಗೆ ಮಷೀನು ಒಂದೇ, ಅವ್ವನದು. ಎರಕದ ಕಬ್ಬಿಣದ್ದು, ಕಾಲಲ್ಲಿ ತುಳಿಯುವಂಥದ್ದು. ಗೋಡೆಗೆ ಸುಣ್ಣ ಹೊಡೆಯುವಾಗ ಅದನ್ನು ಸರಿಸೋಕೆ ಪಕ್ಕದ ಮನೆಯವರನ್ನು ಕರೀಬೇಕಿತ್ತು. ಇದನ್ನು ನೋಡಿದರೆ ಒಂದು ಮರಿ. ಕಪ್ಪು ಮೈ, ಬಂಗಾರದ ಬಣ್ಣದ ಬಳ್ಳಿ ಚಿತ್ತಾರ, ತೂಕ ಸುಮಾರು 11 ಪೌಂಡು, ಅಂದರೆ 5 ಕೆಜಿ. ಹೆಸರು ಸಿಂಗರ್ 221. ಆದರೆ ಆ ಹೆಸರಿಂದ ಯಾರೂ ಕರೆಯಲ್ಲ, ‘ಫೆದರ್‌ವೇಟ್’ ಅಂದರೇನೇ ಎಲ್ಲರಿಗೂ ತಿಳಿಯೋದು.

ಸಿಂಗರ್ ಕಂಪನಿ ಇದನ್ನು ಜನರ ಮುಂದಿಟ್ಟದ್ದು 1933ರ ಶಿಕಾಗೊ ವಿಶ್ವಮೇಳದಲ್ಲಿ. ಇಸವಿ ಗಮನಿಸಿ: ಆರ್ಥಿಕ ಮಹಾಕುಸಿತ, ಜನ ಕೆಲಸ ಕಳೆದುಕೊಂಡು ಬ್ರೆಡ್ಡಿಗೆ ಸಾಲು ನಿಂತಿದ್ದ ಕಾಲ. ಅಂಥ ಹೊತ್ತಿನಲ್ಲಿ ಹೊಸ ಪ್ರಾಡಕ್ಟ್ ಲಾಂಚ್ ಮಾಡೋಕೆ ಧೈರ್ಯ ಬೇಕು. ಐಡಿಯಾ ಮಾತ್ರ ಪೂರ್ತಿ ಅವರದಲ್ಲ. ಅದಕ್ಕೂ ಮೊದಲೇ, 1920ರ ದಶಕದ ಕೊನೆಯಲ್ಲಿ, ಸ್ಟ್ಯಾಂಡರ್ಡ್ ಅನ್ನೋ ಕಂಪನಿ ‘ಸ್ಯೂಹ್ಯಾಂಡಿ’ ಹೆಸರಿನ ಪುಟ್ಟ ವಿದ್ಯುತ್ ಮಷೀನು ಮಾಡಿತ್ತು. ಅದು ಹುಟ್ಟಿದ್ದು ನಾನು ಬಾಡಿಗೆಗಿದ್ದ ಅದೇ ಕ್ಲೀವ್‌ಲ್ಯಾಂಡಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಕ ತಂಗಿ ಅನ್ನಬಹುದು. ಸಿಂಗರ್ ಕೊನೆಗೆ ಅದನ್ನು ಕೊಂಡೇಬಿಟ್ಟಿತು.

ತೂಕ ಇಳಿದಿದ್ದರ ಗುಟ್ಟು ಅಲ್ಯೂಮಿನಿಯಂ. ಅಲ್ಲಿವರೆಗೆ ‘ಪೋರ್ಟಬಲ್’ ಅಂತ ಮಾರುತ್ತಿದ್ದ ಸಿಂಗರ್ 99 ಕೂಡ ಕಬ್ಬಿಣದ್ದೇ, ಎತ್ತಿಕೊಂಡು ನಡೆದವರ ಭುಜ ಒಂದು ಕಡೆ ವಾಲುತ್ತಿತ್ತು. ಕಬ್ಬಿಣ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ. ಸೂಜಿ ಮೇಲೆ ಕೆಳಗೆ ಕುಣಿಯುವಾಗ ಮಷೀನು ಅದುರುತ್ತೆ, ಭಾರ ಇದ್ದರೆ ಅದು ಅಡಗುತ್ತೆ. ಹಗುರ ಮಾಡಿಯೂ ಅದುರದ ಹಾಗೆ ಮಾಡೋದು ಕಷ್ಟದ ಕೆಲಸ, ಈ ಮರಿ ಅದನ್ನು ಸಾಧಿಸಿತ್ತು. ಎಡಗಡೆಯ ಹಲಗೆ ಮಡಚಿಕೊಳ್ಳುತ್ತೆ, ಮೋಟರ್ ಬೆನ್ನಿಗೆ ಅಂಟಿಕೊಂಡಿರುತ್ತೆ, ಪೆಡಲ್ಲು ಪೆಟ್ಟಿಗೆಯೊಳಗೇ ಕೂರುತ್ತೆ.

ಯುದ್ಧ ಬಂದಾಗ ಸಿಂಗರ್ ಕಾರ್ಖಾನೆಗಳು ಮಿಲಿಟರಿ ಕೆಲಸಕ್ಕೆ ತಿರುಗಿದವು. ಆ ಕಂಪನಿ ಮಾಡಿದ 500 ಪಿಸ್ತೂಲುಗಳಿಗೆ ಇವತ್ತು ಸಂಗ್ರಾಹಕರು ಕೇಳಿದ್ದಷ್ಟು ಕೊಡ್ತಾರೆ. ಹೊಲಿಗೆ ಕಂಪನಿಯ ಪಿಸ್ತೂಲು ಅನ್ನೋದೇ ಒಂಥರಾ ತಮಾಷೆ. ಯುದ್ಧ ಮುಗಿದ ಮೇಲೆ ನ್ಯೂಜೆರ್ಸಿಯ ಎಲಿಜಬೆತ್‌ನಲ್ಲೂ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲೂ ಫೆದರ್‌ವೇಟ್ ತಯಾರಾಯಿತು. 1960ರ ದಶಕದ ಕೊನೆಗೆ ಎಲ್ಲ ಬಂದ್. ಅಷ್ಟರಲ್ಲಿ ಮಾರುಕಟ್ಟೆಗೆ ಜಿಗ್‌ಜ್ಯಾಗ್ ಮಷೀನುಗಳು ಬಂದಿದ್ದವು, ಬರೀ ನೆಟ್ಟಗೆ ಹೊಲಿಯುವ ಮಷೀನು ಯಾರಿಗೆ ಬೇಕು? ಫೆದರ್‌ವೇಟ್‌ಗಳು ಅಟ್ಟ ಸೇರಿದವು. ಕ್ಲೈಡ್‌ಬ್ಯಾಂಕಿನ ಆ ದೈತ್ಯ ಕಾರ್ಖಾನೆಯೂ 1980ರಲ್ಲಿ ಮುಚ್ಚಿತು. ಈಗ ಅಲ್ಲಿ ಉಳಿದಿರೋದು ‘ಸಿಂಗರ್’ ಅನ್ನೋ ಹೆಸರಿನ ರೈಲ್ವೆ ಸ್ಟೇಷನ್ನು.

ಅಟ್ಟದಿಂದ ಇವನ್ನು ಕೆಳಗಿಳಿಸಿದವರು ಕ್ವಿಲ್ಟ್ ಹೊಲಿಯುವ ಹೆಂಗಸರು. ಕ್ವಿಲ್ಟ್ ಅಂದರೆ ನಮ್ಮ ಕೌದಿಯ ದೂರದ ಸಂಬಂಧಿ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟ್‌ಗಳನ್ನು ಪೇಂಟಿಂಗ್ ತರಹ ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಿತು. 1976ರಲ್ಲಿ ದೇಶಕ್ಕೆ ಇನ್ನೂರು ವರ್ಷ ತುಂಬಿದಾಗ ಅಜ್ಜಿಯರ ಕಾಲದ ಕಸುಬಿನ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿತು. ಊರೂರಲ್ಲಿ ಗುಂಪು, ಕ್ಲಾಸು. ಕ್ಲಾಸಿಗೆ ಹೋಗಬೇಕು ಅಂದರೆ ಮಷೀನು ಹೊರಬೇಕಲ್ಲ! ಅಜ್ಜಿಯ ಕಪ್ಪು ಪೆಟ್ಟಿಗೆಗೆ ಅಲ್ಲಿಂದ ಕಾಲ ಬಂತು.

ಬರೀ ಹಗುರ ಅನ್ನೋದೇ ಕಾರಣ ಆಗಿದ್ದರೆ ಇವತ್ತಿನ ಪ್ಲಾಸ್ಟಿಕ್ ಮಷೀನುಗಳು ಸಾಕಿತ್ತು. ಒಡತಿ ನನಗೆ ಒಂದು ಗುರುವಾರ ಕೂರಿಸಿ ಪಾಠ ಮಾಡಿದರು. ಕ್ವಿಲ್ಟ್‌ನಲ್ಲಿ ನೂರಾರು ಚೂರು ಬಟ್ಟೆ ಜೋಡಿಸ್ತಾರೆ, ಪ್ರತಿ ಹೊಲಿಗೆಯೂ ಅಂಚಿನಿಂದ ಸರಿಯಾಗಿ ಕಾಲು ಇಂಚು ಇರಬೇಕು. ಲೆಕ್ಕ ಮಾಡಿ ನೋಡಿ: ಒಂದು ಹೊಲಿಗೆ ಇಂಚಿನ ಮೂವತ್ತೆರಡನೇ ಒಂದು ಭಾಗ ತಪ್ಪಿತು ಅನ್ನೋಣ. ಅದು ಎರಡೂ ಚೂರಿನಲ್ಲಿ ತಪ್ಪುತ್ತೆ, ಅಂದರೆ ಹದಿನಾರನೇ ಒಂದು. ಅಂಥ 16 ಹೊಲಿಗೆ ಸೇರಿದರೆ ಒಂದು ಪೂರ್ತಿ ಇಂಚು ಮಾಯ. ಕೋಡ್‌ನಲ್ಲಿ ರೌಂಡಿಂಗ್ ಎರರ್ ಕೂಡ್ತಾ ಹೋಗಿ ಕೊನೆಗೆ ಬ್ಯಾಲೆನ್ಸ್ ತಾಳೆ ಆಗದ ಕಥೆ ನಿಮಗೂ ಗೊತ್ತಿರುತ್ತೆ. ಇದು ಅದೇ.

ಈ ಮಷೀನಿಗೆ ನೆಟ್ಟಗೆ ಹೋಗೋದು ಬಿಟ್ಟು ಬೇರೇನೂ ಬರಲ್ಲ, ಹಾಗಾಗಿ ಅದೊಂದನ್ನು ಚೆನ್ನಾಗಿ ಮಾಡುತ್ತೆ. ಸೂಜಿ ಇಳಿಯುವ ತಗಡಿನಲ್ಲಿ ಒಂದೇ ಒಂದು ಸಣ್ಣ ತೂತು. ಜಿಗ್‌ಜ್ಯಾಗ್ ಮಷೀನಿಗಾದರೆ ಸೂಜಿ ಅಡ್ಡ ಓಡಾಡೋಕೆ ಅಗಲ ಸೀಳು ಬೇಕು, ಚೂರಿನ ಮೂಲೆಯನ್ನು ಅದು ಒಳಗೆ ಎಳೆದುಕೊಂಡು ಉಂಡೆ ಮಾಡುತ್ತೆ. ಆಮೇಲೆ ರಿಪೇರಿ. ಒಂದು ಸ್ಕ್ರೂಡ್ರೈವರು, ಒಂದಿಷ್ಟು ಎಣ್ಣೆ, ಗೇರಿಗೆ ಗ್ರೀಸು. ಬೆಲ್ಟ್ ಸವೆದರೆ ಹೊಸದು ಸಿಗುತ್ತೆ. ಸರ್ವೀಸ್ ಸೆಂಟರಿಗೆ ಅಲೆಯೋದಿಲ್ಲ. ಆಕೆಯದು 1951ರದ್ದು. ಆ ವರ್ಷ ಸಿಂಗರ್‌ಗೆ ನೂರು ತುಂಬಿದ್ದರಿಂದ ಮಷೀನಿನ ಬಿಲ್ಲೆ ಬೇರೆ ಥರ ಇರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ನಾನು ಆಗ ಬರೆಯುತ್ತಿದ್ದ ಸಾಫ್ಟ್‌ವೇರ್‌ನ ಹಿಂದಿನ ವರ್ಷನ್‌ಗೆ ಮೂರು ವರ್ಷಕ್ಕೇ ಸಪೋರ್ಟ್ ನಿಲ್ಲಿಸಿದ್ದೆವು.

ಕೊರತೆ ಇಲ್ಲವೇ ಅಂದರೆ ಇದೆ. ಬಾಬಿನ್ ಬೆರಳ ತುದಿಯಷ್ಟು, ದಾರ ಬೇಗ ಮುಗಿಯುತ್ತೆ. ತೋಳಿನ ಕೆಳಗೆ ಜಾಗ ಕಮ್ಮಿ, ಮಂಚದಗಲದ ಕ್ವಿಲ್ಟ್ ಅದರಡಿ ತೂರೋದು ಹರಸಾಹಸ. ಚೂರು ಜೋಡಿಸೋಕೆ ಇದು, ಮೇಲಿನ ಹೊಲಿಗೆಗೆ ಬೇರೆ ಮಷೀನು ಅಥವಾ ಕೈ. ಪ್ರೀತಿಸುವವರು ಇದನ್ನು ಹೇಳಲ್ಲ, ಅದಕ್ಕೇ ನಾನು ಹೇಳ್ತಿದ್ದೀನಿ.

ಗಾಂಧೀಜಿ ಯಂತ್ರಗಳ ವಿರೋಧಿ ಅಂತ ನಾವೆಲ್ಲ ಓದಿದ್ದೀವಿ. ಆದರೆ 1924ರಲ್ಲಿ ಯಾರೋ ಕೇಳಿದಾಗ ಅವರು ಸಿಂಗರ್ ಹೊಲಿಗೆ ಮಷೀನಿಗೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿಯುತ್ತಾ ಬಳಲೋದನ್ನು ನೋಡಲಾರದೆ ಸಿಂಗರ್ ಅದನ್ನು ಕಂಡುಹಿಡಿದ ಅಂತ ಅವರ ನಂಬಿಕೆ. ನಿಜವಾದ ಐಸಾಕ್ ಸಿಂಗರ್ ನಾಟಕದ ನಟ, ಹಲವು ಹೆಂಗಸರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಪಡೆದವನು. ಮಹಾತ್ಮರಿಗೆ ಯಾರು ಆ ಕಥೆ ಹೇಳಿದರೋ! ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲೇ ಕಂತಿನ ಮಾರಾಟ ಶುರು ಮಾಡಿದ. ನಮ್ಮ ಇಎಂಐಗೆ ಮುತ್ತಜ್ಜ ಅವನೇ ಅನ್ನಿ.

ಪಾಠ ಮುಗಿದ ಮೇಲೆ ಒಡತಿ ಕೇಳಿದರು, ನಿನ್ನ ತಾಯಿ ಹತ್ತಿರ ಮಷೀನು ಇದೆಯಾ ಅಂತ. ‘ಇತ್ತು’ ಅಂದೆ. ಯಾಕೆ ‘ಇತ್ತು’ ಅಂತ ಕೇಳಲಿಲ್ಲ, ಸದ್ಯ.

2005ರಲ್ಲಿ ನನಗೆ ಬಿಇ ಸೀಟು ಸಿಕ್ಕಿತು. ಫೀಸಿಗೆ ಒಂದಿಷ್ಟು ಕಮ್ಮಿ ಬಿದ್ದಾಗ ಅವ್ವ ಮಷೀನು ಮಾರಿದಳು. ಊರಿನವರ ಜಂಪರು ಹೊಲಿದು ಮನೆ ನಡೆಸಿದ ಮಷೀನು. ಕೊಂಡವನು ಗುಜರಿಯವನು. ತಲೆಗೂ ಸ್ಟ್ಯಾಂಡಿಗೂ ಬೇರೆಬೇರೆ ತೂಕ ಹಾಕಿ, ಕೆಜಿ ಲೆಕ್ಕದಲ್ಲಿ ದುಡ್ಡು ಎಣಿಸಿದ. ನಾನು ತಕ್ಕಡಿ ಹತ್ತಿರವೇ ನಿಂತಿದ್ದೆ. ಭಾರ ಇದ್ದದ್ದು ಒಳ್ಳೇದೇ ಆಯ್ತು ಅನಿಸಿತ್ತು ಆವತ್ತು. ಆಮೇಲೆ ಅವ್ವ ಕೈಯಲ್ಲೇ ಕೌದಿ ಹೊಲಿದಳು, ಹಳೇ ಸೀರೆ, ಅಪ್ಪನ ಧೋತರ ಸೇರಿಸಿ. ಅದಕ್ಕೆ ಕಾಲು ಇಂಚಿನ ಲೆಕ್ಕವೇನೂ ಬೇಕಿರಲಿಲ್ಲ.

ಕ್ಲೀವ್‌ಲ್ಯಾಂಡಿನಿಂದ ತಂದರೆ 110 ವೋಲ್ಟಿನ ರಗಳೆ. ಸ್ಕಾಟ್ಲೆಂಡಿನ 221ಕೆ ನಮ್ಮ ಕರೆಂಟಿಗೆ ಹೊಂದುತ್ತೆ ಅಂತ ತಿಳಿದು, ಮರುವರ್ಷ ಲಂಡನ್ನಿನಲ್ಲಿದ್ದ ಗೆಳೆಯನಿಗೆ ಹೇಳಿ ಒಂದು ತರಿಸಿದೆ. ಪೆಟ್ಟಿಗೆ ಅಲ್ಲೇ ಬಿಟ್ಟು, ಟವೆಲಿನಲ್ಲಿ ಸುತ್ತಿ, ಕ್ಯಾಬಿನ್ ಬ್ಯಾಗಿನಲ್ಲಿ ತಂದ. ದೀಪಾವಳಿಗೆ ಊರಿಗೆ ಒಯ್ದೆ.

ಅವ್ವ ಒಂದೇ ಕೈಯಲ್ಲಿ ಎತ್ತಿ ನೋಡಿ, ‘ಇದೇನ್ ಆಟಗಿ ಸಾಮಾನ ತಂದೀಯೋ?’ ಅಂದಳು. ಮೊದಲು ಎಣ್ಣೆ ಕೇಳಿದಳು. ತೂತುಗಳನ್ನು ಬೆರಳಲ್ಲೇ ಹುಡುಕಿ ಹನಿ ಬಿಟ್ಟಳು, ಯಾರೂ ತೋರಿಸಬೇಕಾಗಲಿಲ್ಲ. ಆಮೇಲೆ ಒಂದು ದಿಂಬಿನ ಚೀಲ ತೆಗೆದುಕೊಂಡು ಕೂತಳು. ಪೆಡಲ್ಲನ್ನು ಒತ್ತಿ ಹಿಡಿಯಬೇಕು ಅಂತ ಎಷ್ಟು ಹೇಳಿದರೂ ಎರಡೂ ಪಾದ ಇಟ್ಟು ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಅಂತ ತುಳಿಯೋಳು. ಮಷೀನು ನಾಲ್ಕು ಹೊಲಿಗೆ ಓಡಿ ನಿಲ್ಲೋದು, ಮತ್ತೆ ನಾಲ್ಕು ಓಡಿ ನಿಲ್ಲೋದು. ‘ಕರೆಂಟ್ ಹೋಗಿ ಬರ್ತೈತಿ ನೋಡು’ ಅಂದಳು. ಹೌದವ್ವ ಅಂದೆ.